ಬೋರ್ಡು ಕಾಣದ ಕಂಪ್ಯೂಟರು ಮತ್ತು ಸರ್ವಮಂಗಳ ಮಿಸ್

ಸರ್ವಮಂಗಳ ಮಿಸ್ ಅವರ ಲ್ಯಾಬಿನಲ್ಲಿ ಒಂದು ನಿಯಮವಿತ್ತು. ಕಂಪ್ಯೂಟರ್ ಕೈಕೊಟ್ಟಿತು ಎಂದು ಯಾವ ಮಗು ಕೂಗಿದರೂ, ಎದ್ದು ಹೋಗುವ ಮೊದಲು ಕೂತಲ್ಲಿಂದಲೇ ಕೇಳುತ್ತಿದ್ದರು.

"ಸ್ಕ್ರೀನ್ ಮೇಲೆ ಏನ್ ಬಂದಿದೆ? ಜೋರಾಗಿ ಓದು."

"ಏನೋ ಇಂಗ್ಲಿಷಲ್ಲಿ ಬಂದೈತೆ ಮಿಸ್."

"ಅದನ್ನೇ ಓದು. ಅರ್ಥ ಆಮೇಲೆ ನೋಡ್ಕೊಳ್ಳೋಣ."

ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಒಂದು ಪ್ರೌಢಶಾಲೆ. ಅಲ್ಲಿನ ಲ್ಯಾಬಿನಲ್ಲಿ ಯಾರೋ ಬಳಸಿ ಬಿಟ್ಟ ಹತ್ತು ಕಂಪ್ಯೂಟರುಗಳು, ಒಂದು ಲ್ಯಾಪ್‌ಟಾಪು. ಎಲ್ಲದರಲ್ಲೂ ಲಿನಕ್ಸ್. ದುಡ್ಡು ಕೊಡದೆ ಹಾಕಿಕೊಳ್ಳಬಹುದಾದ, ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ವ್ಯವಸ್ಥೆ ಅದು. ಬಟವಾಡಿಯ ಬಾಡಿಗೆ ಮನೆಯಿಂದ ಸಿಟಿ ಬಸ್ಸಿನಲ್ಲಿ ತುಮಕೂರು ಸ್ಟೇಷನ್ನು, ಅಲ್ಲಿಂದ ಬೆಳಗಿನ ರೈಲಿನಲ್ಲಿ ನಿಟ್ಟೂರು. ಆರು ವರ್ಷದಿಂದ ಸರ್ವಮಂಗಳ ಅವರ ದಿನಚರಿ ಇದೇ. ವಯಸ್ಸು ನಲವತ್ಮೂರು. ಅವರು ಇಂಜಿನಿಯರಿಂಗ್ ಓದಿದವರಲ್ಲ. ಬಿ.ಎ. ಮುಗಿಸಿ, ಟೈಪಿಂಗ್ ಕಲಿತು, ಬಟವಾಡಿಯ ಒಂದು ಡಿಟಿಪಿ ಅಂಗಡಿಯಲ್ಲಿ ಹನ್ನೊಂದು ವರ್ಷ ಲಗ್ನಪತ್ರಿಕೆ, ಮಠದ ಕರಪತ್ರ, ಗೃಹಪ್ರವೇಶದ ಕಾರ್ಡು ಟೈಪ್ ಮಾಡಿದವರು.

ಲಿನಕ್ಸ್ ಅವರ ಕೈಗೆ ಬಂದದ್ದೂ ಅಲ್ಲೇ. ಗಿರಾಕಿಗಳು ತರುವ ಪೆನ್‌ಡ್ರೈವಿನಿಂದ ವೈರಸ್ ಹತ್ತಿ ಹತ್ತಿ ಸಾಕಾಗಿ, ಅಂಗಡಿಯ ಯಜಮಾನರು ಒಂದು ಭಾನುವಾರ ಮೂರೂ ಕಂಪ್ಯೂಟರಿಗೆ ಅದನ್ನು ಹಾಕಿಸಿಬಿಟ್ಟರು. ಸೋಮವಾರ ಬಂದ ಸರ್ವಮಂಗಳ ಅವರಿಗೆ ದಿಕ್ಕು ತೋಚಲಿಲ್ಲ. ಆದರೂ ಬಿಡದೆ ಕಲಿತರು. ಕಪ್ಪು ಕಿಟಕಿಯಲ್ಲಿ ಅಪ್ಪಣೆಗಳನ್ನು ಟೈಪ್ ಮಾಡಿ ಕೆಲಸ ತೆಗೆಯುವುದಕ್ಕೆ ಶೆಲ್ ಅನ್ನುತ್ತಾರೆ. ಟೈಪಿಂಗ್ ಪಳಗಿದ ಕೈಗೆ ಅದು ಮೌಸಿಗಿಂತ ಹಗುರವಾಗಿ ಕಂಡಿತು.

ಒಂದು ಸಲ ಇಂಟರ್ನೆಟ್ಟಿನಲ್ಲಿ ಕಂಡ ಸಾಲೊಂದನ್ನು ನಕಲು ಮಾಡಿ ಶೆಲ್ಲಿನ ಸೆಟ್ಟಿಂಗಿಗೆ ಅಂಟಿಸಿದರು. ಮರುದಿನ ಏನು ಟೈಪ್ ಮಾಡಿದರೂ "ಅಪ್ಪಣೆ ಸಿಗಲಿಲ್ಲ" ಎಂಬ ಒಂದೇ ಉತ್ತರ. ಫೈಲುಗಳ ಪಟ್ಟಿ ತೋರಿಸುವ ತೀರಾ ಸಣ್ಣ ಅಪ್ಪಣೆಯೂ ಸಿಗಲಿಲ್ಲವಂತೆ! ಎದುರಿಗೆ ಲಗ್ನಪತ್ರಿಕೆಗೆ ಕಾದು ಕೂತ ಹುಡುಗಿಯ ಕಡೆಯವರು. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಕುಣಿಗಲ್ಲಿನ ಶಿವರಾಜ್, "ಅಕ್ಕಾ, ಎಲ್ಲಾ ಅಳಿಸಿಹೋಗವೆ ಕಣಕ್ಕ, ಫಾರ್ಮ್ಯಾಟ್ ಹೊಡಿಯೋದೇ ಸೈ" ಎಂದ.

ಸರ್ವಮಂಗಳ ಫಾರ್ಮ್ಯಾಟ್ ಹೊಡೆಯಲಿಲ್ಲ. ಬಂದ ಉತ್ತರವನ್ನೇ ಮೂರು ಸಲ ಓದಿದರು. ಅಪ್ಪಣೆ ಸಿಗಲಿಲ್ಲ ಅಂತ ಇದೆ, ಅಳಿಸಿಹೋಯಿತು ಅಂತ ಇಲ್ಲ. ಆಗ ಹೊಳೆಯಿತು. ಯಾವ ಯಾವ ಫೋಲ್ಡರಿನಲ್ಲಿ ಹುಡುಕಬೇಕು ಎಂದು ಶೆಲ್ಲಿಗೆ ಹೇಳುವ ಪಟ್ಟಿಯೊಂದಿರುತ್ತದೆ. ತಾವು ಅಂಟಿಸಿದ ಸಾಲು ಆ ಪಟ್ಟಿಯ ಕೊನೆಗೆ ಸೇರುವ ಬದಲು ಇಡೀ ಪಟ್ಟಿಯನ್ನೇ ತಿಂದುಹಾಕಿತ್ತು. ಅಪ್ಪಣೆಯ ಹೆಸರಿನ ಹಿಂದೆ ಅದಿರುವ ಫೋಲ್ಡರಿನ ಪೂರ್ತಿ ವಿಳಾಸ ಸೇರಿಸಿ ಟೈಪ್ ಮಾಡಿದರು. ಓಡಿತು. ಹಾಗೇ ಸೆಟ್ಟಿಂಗ್ ಫೈಲು ತೆರೆದು ಸಾಲು ತಿದ್ದಿದರು. ಹತ್ತು ನಿಮಿಷದಲ್ಲಿ ಲಗ್ನಪತ್ರಿಕೆ ಪ್ರಿಂಟಿಗೆ ಹೋಯಿತು. ಅವತ್ತಿನಿಂದ ಕಂಪ್ಯೂಟರಿಗೆ ಅವರು ಹೆದರಿದ್ದಿಲ್ಲ. ಅಂಗಡಿ ಮುಚ್ಚಿದ ಮೇಲೆ ಶಿವರಾಜ್ ಕುಣಿಗಲ್ಲಿನಲ್ಲಿ ರಿಪೇರಿ ಅಂಗಡಿ ಇಟ್ಟ, ಸರ್ವಮಂಗಳ ನಿಟ್ಟೂರಿನ ಶಾಲೆಗೆ ಸೇರಿದರು.

ಇಷ್ಟು ಗಟ್ಟಿ ಮನುಷ್ಯರು ಒಂದು ಮಂಗಳವಾರ ತಮ್ಮ ನಿಯಮವನ್ನು ತಾವೇ ಮುರಿದರು.

ಆ ವರ್ಷ ವಿಜ್ಞಾನ ಪ್ರದರ್ಶನ ಕುಣಿಗಲ್ಲಿನಲ್ಲಿತ್ತು. ನಿಟ್ಟೂರಿನ ಮಕ್ಕಳದು ಕೊಬ್ಬರಿಯ ಪ್ರಾಜೆಕ್ಟು. ಆ ಕಡೆ ಮನೆಗಳಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಅಟ್ಟದಲ್ಲಿ ತೇವ ಹೆಚ್ಚಾದರೆ ಕೊಬ್ಬರಿ ಕೆಡುತ್ತದೆ. ಒಂಬತ್ತನೇ ಕ್ಲಾಸಿನ ತನುಶ್ರೀ ಮತ್ತವಳ ಗೆಳತಿಯರು ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಬೋರ್ಡಿಗೆ ತೇವ ಅಳೆಯುವ ಸೆನ್ಸರ್ ಜೋಡಿಸಿ, ತೇವ ಮಿತಿ ದಾಟಿದರೆ ಕೂಗುವ ಯಂತ್ರ ಮಾಡಿದ್ದರು. ಪ್ರಾಜೆಕ್ಟಿನ ಗೈಡು ವಿಜ್ಞಾನದ ಮೇಷ್ಟ್ರಲ್ಲ, ಸಮಾಜ ಪಾಠದ ಉದಯಕುಮಾರ್. ಯೋಚನೆ ಅವರದೇ ಆಗಿತ್ತು.

ಉದಯಕುಮಾರ್ ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವರ ಹತ್ತಿರ ಬ್ರೈಲ್ ಪಟ್ಟಿಯೊಂದಿತ್ತು. ಒಂದು ಮೊಳದುದ್ದದ ಚಪ್ಪಟೆ ಡಬ್ಬಿ. ಲ್ಯಾಪ್‌ಟಾಪಿಗೆ ಚುಚ್ಚಿದರೆ ಪರದೆಯ ಮೇಲಿನ ಅಕ್ಷರಗಳು ಅದರಲ್ಲಿ ಚುಕ್ಕೆಗಳಾಗಿ ಏಳುತ್ತಿದ್ದವು. ಬೆರಳು ಆಡಿಸಿ ಓದುತ್ತಿದ್ದರು. ಕನ್ನಡವನ್ನೂ ಓದುತ್ತಿದ್ದರು, ಇಂಗ್ಲಿಷನ್ನೂ. ಕುಣಿಗಲ್ಲಿನಲ್ಲಿ ಮಕ್ಕಳು ಯಂತ್ರ ತೋರಿಸುವಾಗ ತೇವದ ಅಂಕಿಗಳನ್ನು ತಾವು ಪಟ್ಟಿಯ ಮೇಲೆ ಓದಿ ಹೇಳುವುದು ಎಂದು ಮಾತಾಗಿತ್ತು. ಅದಕ್ಕಾಗಿ ಶಾಲೆಯ ಒಂದೇ ಲ್ಯಾಪ್‌ಟಾಪಿಗೆ ಬೋರ್ಡನ್ನೂ ಚುಚ್ಚಬೇಕು, ಪಟ್ಟಿಯನ್ನೂ ಚುಚ್ಚಬೇಕು.

ದಸರಾ ರಜೆಯಲ್ಲಿ ಸರ್ವಮಂಗಳ ಎಲ್ಲ ಕಂಪ್ಯೂಟರಿಗೂ ಲಿನಕ್ಸಿನ ಹೊಸ ಆವೃತ್ತಿ ಹಾಕಿದ್ದರು. ರಜೆ ಮುಗಿದು ಬಂದ ಮಕ್ಕಳು ಬೋರ್ಡು ಚುಚ್ಚಿದರೆ ಯಾವ ಕಂಪ್ಯೂಟರಿಗೂ ಅದು ಕಾಣಲಿಲ್ಲ. ಬೋರ್ಡಿನ ದೀಪ ಉರಿಯುತ್ತಿತ್ತು, ಅಂದರೆ ಕರೆಂಟ್ ಹೋಗುತ್ತಿದೆ. ಆದರೆ ಪ್ರೋಗ್ರಾಮ್ ಕಳಿಸೋಣವೆಂದರೆ, ಬೋರ್ಡಿನ ಜೊತೆ ಮಾತಾಡಲು ಕಂಪ್ಯೂಟರ್ ಒಳಗೆ ತೆರೆದುಕೊಡಬೇಕಾದ ದಾರಿ, ಪೋರ್ಟೇ ಇಲ್ಲ. ಕೇಬಲ್ ಬದಲಾಯಿಸಿದರು, ಬೋರ್ಡು ಬದಲಾಯಿಸಿದರು. ಶೆಲ್ಲಿನಲ್ಲಿ ಯುಎಸ್‌ಬಿ ಸಾಮಾನುಗಳ ಪಟ್ಟಿ ಕೇಳಿದರೆ ಬೋರ್ಡಿನ ಹೆಸರು, ನಂಬರು ನೆಟ್ಟಗೆ ಬರುತ್ತಿದ್ದವು. ಕಂಪ್ಯೂಟರಿಗೆ ಗುರುತು ಸಿಕ್ಕಿದೆ, ಮಾತು ಮಾತ್ರ ಆಡುತ್ತಿಲ್ಲ.

ಪ್ರದರ್ಶನ ಶನಿವಾರ. ಮಂಗಳವಾರ ಮಧ್ಯಾಹ್ನ ಕಳೆದಿತ್ತು, ಮಕ್ಕಳ ಮುಖ ಬಾಡಿತ್ತು, ಸಂಜೆಯ ರೈಲಿಗೆ ಅರ್ಧ ಗಂಟೆ ಉಳಿದಿತ್ತು. ಸರ್ವಮಂಗಳ ಶಿವರಾಜನಿಗೆ ಫೋನ್ ಮಾಡಿದರು.

"ಅಯ್ಯೋ ಅಕ್ಕ, ಅದು ಎಲ್ಲಾ ಕಡೆ ಬರ್ತಾಯಿರೋ ಪ್ರಾಬ್ಲಂ. ಒಂದ್ ಸಾಫ್ಟ್‌ವೇರ್ ಬಂದು ಪೋರ್ಟ್ ಹಿಡ್ಕೊಂಡು ಕೂತ್ಕತದೆ. ಅದುನ್ನ ಕಿತ್ತಾಕುದ್ರೆ ಆಯ್ತು. ಒಂದ್ ಲೈನು, ವಾಟ್ಸಾಪ್ ಮಾಡ್ತೀನಿ ನೋಡಿ."

"ಏನ್ ಸಾಫ್ಟ್‌ವೇರ್ ಅದು ಶಿವರಾಜ?"

"ಯಾತುಕ್ಕೋ ಏನೋ, ನಮಗೆ ಬೇಕಾಗೋದಲ್ಲ ಬುಡಿ."

ಸಾಲು ಬಂತು. ಸರ್ವಮಂಗಳ ಅದನ್ನು ಶೆಲ್ಲಿಗೆ ಅಂಟಿಸಿ ಎಂಟರ್ ಒತ್ತಿದರು. ಬೋರ್ಡು ತಕ್ಷಣ ಕಾಣಿಸಿತು. ಮಕ್ಕಳು ಕಿರುಚಿದರು. ಅದೇ ಖುಷಿಯಲ್ಲಿ ಉಳಿದ ಒಂಬತ್ತು ಕಂಪ್ಯೂಟರಿನಲ್ಲೂ ಲ್ಯಾಪ್‌ಟಾಪಿನಲ್ಲೂ ಅದೇ ಸಾಲು ಅಂಟಿಸಿ, ಲ್ಯಾಪ್‌ಟಾಪನ್ನು ಸ್ಟಾಫ್ ರೂಮಿಗೆ ಕಳಿಸಿ, ಓಡಿಹೋಗಿ ರೈಲು ಹಿಡಿದರು.

ಬುಧವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವಾಗ ಉದಯಕುಮಾರ್ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಬ್ರೈಲ್ ಪಟ್ಟಿ, ಪಕ್ಕದಲ್ಲಿ ಲ್ಯಾಪ್‌ಟಾಪು.

"ಮೇಡಂ, ಪಟ್ಟಿ ಹೋಯ್ತು ಅನ್ಸತ್ತೆ. ಸ್ಟಾಫ್ ರೂಮಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿದೆ, ಒಂದು ಚುಕ್ಕೆನೂ ಏಳ್ತಾಯಿಲ್ಲ. ಇಷ್ಟು ವರ್ಷದಲ್ಲಿ ಹಿಂಗಾಗಿರ್ಲಿಲ್ಲ."

"ಬೀಳಿಸಿದ್ರಾ ಸರ್?"

"ಇಲ್ಲಪ್ಪ. ನಿನ್ನೆ ಬೆಳಿಗ್ಗೆ ಚೆನ್ನಾಗಿತ್ತು. ಆಮೇಲೆ ಲ್ಯಾಪ್‌ಟಾಪ್ ಲ್ಯಾಬಲ್ಲಿತ್ತು. ಏನಾದ್ರೂ ಹೊಸದು ಹಾಕಿದ್ರಾ?"

"ಹಾಕ್ಲಿಲ್ಲ ಸರ್. ಒಂದು ತೆಗ್ದೆ."

ಹೇಳಿದವರೇ ಸರ್ವಮಂಗಳ ಲ್ಯಾಬಿನೊಳಗೆ ಹೋದರು. ಲ್ಯಾಪ್‌ಟಾಪ್ ತೆರೆದು, ಟೈಪ್ ಮಾಡಿದ್ದನ್ನೆಲ್ಲ ಶೆಲ್ ನೆನಪಿಟ್ಟುಕೊಳ್ಳುವ ಪಟ್ಟಿಯನ್ನು ಕೇಳಿದರು. ನಿನ್ನೆಯ ಸಾಲು ಅಲ್ಲೇ ಇತ್ತು.

"ತೆಗ್ದಿದ್ದರ ಹೆಸರು ಓದಕ್ಕೇ ಬರಲ್ಲ ಸರ್. ಬಿ, ಆರ್, ಎಲ್, ಟಿ, ಟಿ, ವೈ."

ಉದಯಕುಮಾರ್ ಆ ಅಕ್ಷರಗಳನ್ನು ತಾವೂ ಒಂದು ಸಲ ಹೇಳಿಕೊಂಡರು. ಆಮೇಲೆ ಮೆಲ್ಲಗೆ ನಕ್ಕರು. "ಬಿ ಆರ್ ಎಲ್ ಅಂದ್ರೆ ಬ್ರೈಲ್ ಮೇಡಂ. ಅದು ನಂದು."

ಸರ್ವಮಂಗಳ ಆ ಸಾಲನ್ನು ಈಗ ಪೂರ್ತಿ ಓದಿದರು. ಹೆಸರಿನಲ್ಲೇ ಇತ್ತು. ಒಂದು ನಿಮಿಷ ನಿಂತು ಇದೇನು ಎಂದು ಕೇಳಿಕೊಂಡಿದ್ದರೆ ಸಾಕಾಗಿತ್ತು. ದಿನಾ ಮಕ್ಕಳಿಗೆ ಓದು ಓದು ಎನ್ನುವವರು ತಾವೇ ಓದದೆ ಒತ್ತಿದ್ದರು. "ತಪ್ಪಾಯ್ತು ಸರ್" ಎಂದರು.

"ಬೇಕಂತ ಮಾಡಿದ್ದಲ್ಲವಲ್ಲ. ಪಟ್ಟಿ ಹೋಗಿಲ್ಲ ಅಂತ ಗೊತ್ತಾಯ್ತಲ್ಲ, ನನಗೆ ಅಷ್ಟು ಸಾಕು. ಮೊದ್ಲು ವಾಪಸ್ ಹಾಕಿ ನೋಡೋಣ."

ಫೋನಿನ ಇಂಟರ್ನೆಟ್ಟಿನಿಂದ ವಾಪಸ್ ಹಾಕಿದರು. ಪಟ್ಟಿಯ ಮೇಲೆ ಚುಕ್ಕೆಗಳು ಎದ್ದವು. ಬೋರ್ಡು ಚುಚ್ಚಿದರು. ಅಂದುಕೊಂಡಂತೆಯೇ ಪೋರ್ಟ್ ಮಾಯ.

ಹೆಡ್‌ಮಾಸ್ಟರ್ ಕರಿಬಸವಯ್ಯನವರಿಗೆ ವಿಷಯ ಹೋಯಿತು. ಅವರು ಮೃದು ಮನುಷ್ಯರು, ಎರಡೂ ಕಡೆ ನೋಡಿ ದಾರಿ ಹೇಳುವವರು. "ನೋಡಿ ಸರ್ವಮಂಗಳಮ್ಮ, ಶನಿವಾರದವರೆಗೆ ತೆಗ್ದುಬಿಡಿ, ಸೋಮವಾರ ಹಾಕ್ಕೊಡಿ. ಅಂಕಿಗಳನ್ನ ಮಕ್ಕಳೇ ಓದ್ತಾರೆ. ಉದಯಕುಮಾರ್ ನಾಲ್ಕು ದಿನ ಅಡ್ಜಸ್ಟ್ ಮಾಡ್ಕೊಳ್ತಾರೆ. ಏನ್ರೀ?"

"ಮಾಡ್ಕೊಳ್ತೀನಿ ಸರ್" ಎಂದರು ಉದಯಕುಮಾರ್. ಅವರ ದನಿಯಲ್ಲಿ ಬೇಸರವಿರಲಿಲ್ಲ. ಹೀಗೆ ಹೊಂದಿಕೊಳ್ಳುವುದು ಅವರಿಗೆ ಹೊಸದಲ್ಲ. ಅದೇ ಸರ್ವಮಂಗಳ ಅವರಿಂದ ಸಹಿಸಲಾಗಲಿಲ್ಲ.

"ಇವತ್ತೊಂದು ಮಧ್ಯಾಹ್ನ ಕೊಡಿ ಸರ್. ಎರಡೂ ಒಟ್ಟಿಗೆ ಓಡೋ ಹಂಗೆ ಮಾಡ್ತೀನಿ."

"ಆಗತ್ತಾ?"

"ಆಗತ್ತೆ. ಎಲ್ಲಿ ತಪ್ಪಿದೆ ಅಂತ ಎಲ್ಲೋ ಬರ್ದಿರತ್ತೆ. ನಾನಿನ್ನೂ ಓದಿಲ್ಲ ಅಷ್ಟೇ."

ಊಟದ ಗಂಟೆ ಹೊಡೆದ ಮೇಲೆ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತರು. ಲಿನಕ್ಸ್ ತನ್ನೊಳಗೆ ಕ್ಷಣಕ್ಷಣಕ್ಕೂ ಏನಾಯಿತೆಂದು ಬರೆದುಕೊಳ್ಳುತ್ತಿರುತ್ತದೆ. ಸರ್ವಮಂಗಳ ಆ ಬರಹವನ್ನು ತೆರೆದಿಟ್ಟು ಬೋರ್ಡನ್ನು ಚುಚ್ಚಿದರು. ಸಾಲುಗಳು ಒಂದೊಂದಾಗಿ ಬಂದವು. ಹೊಸ ಸಾಮಾನು ಸಿಕ್ಕಿದೆ. ಇಂಥ ನಂಬರಿನದು. ಪೋರ್ಟ್ ಕೊಟ್ಟಿದ್ದೇನೆ. ಮರುಕ್ಷಣದ ಸಾಲಿನಲ್ಲಿ ಬ್ರೈಲಿನ ಪ್ರೋಗ್ರಾಮ್ ಅದನ್ನು ತನ್ನದೆಂದು ಹಿಡಿದುಕೊಂಡಿದೆ. ಅದರ ಕೆಳಗೆ, ಪೋರ್ಟ್ ಹೋಯಿತು.

"ಅಂದ್ರೆ ಬೋರ್ಡನ್ನ ಅದು ಬ್ರೈಲ್ ಮಷಿನ್ ಅಂದ್ಕೊಂಡಿದೆ" ಎಂದರು ಉದಯಕುಮಾರ್.

"ಹೌದು ಸರ್. ಯಾಕಂದ್ಕೊಳ್ತು ಅನ್ನೋದು ಪ್ರಶ್ನೆ. ನಂಬರ್ ಓದ್ತೀನಿ, ನೆನಪಿಟ್ಕೊಳ್ತೀರಾ? ಒಂದು, ಎ, ಎಂಟು, ಆರು. ಏಳು, ಐದು, ಎರಡು, ಮೂರು."

ಅವರು ಒಂದು ಸಲ ಕೇಳಿ ತಿರುಗಿ ಹೇಳಿದರು. ಬ್ರೈಲ್ ಪಟ್ಟಿಯ ನಂಬರನ್ನೂ ತೆಗೆದು ನೋಡಿದರು. ಅದು ಬೇರೆ. ಆಮೇಲೆ ಯಾವ ನಂಬರಿನ ಸಾಮಾನು ಬಂದರೆ ಯಾರಿಗೆ ಒಪ್ಪಿಸಬೇಕೆಂದು ಬರೆದಿರುವ ನಿಯಮಗಳ ಫೈಲು ಹುಡುಕಿದರು. ಬ್ರೈಲಿನದೇ ಒಂದು ಫೈಲಿತ್ತು, ಜಗತ್ತಿನಲ್ಲಿರುವ ಬ್ರೈಲ್ ಯಂತ್ರಗಳ ನಂಬರುಗಳೆಲ್ಲ ಅದರಲ್ಲಿ. ಸರ್ವಮಂಗಳ ಪರದೆಯನ್ನು ಸರಿಸುತ್ತಾ ಹೋದರು, ಉದಯಕುಮಾರ್ ಪಟ್ಟಿಯ ಮೇಲೆ ಬೆರಳು ಓಡಿಸುತ್ತಾ ಬಂದರು.

"ತಡೀರಿ. ಇಲ್ಲೇ ಇದೆ" ಎಂದು ಮೊದಲು ಹೇಳಿದವರು ಉದಯಕುಮಾರ್.

ಬೇರೊಂದು ಕಂಪನಿಯ ಬ್ರೈಲ್ ಯಂತ್ರ ಮತ್ತು ಮಕ್ಕಳ ಅಗ್ಗದ ಬೋರ್ಡು, ಎರಡರಲ್ಲೂ ಒಂದೇ ಜಾತಿಯ ಎಲೆಕ್ಟ್ರಾನಿಕ್ ಚಿಪ್ ಇದ್ದದ್ದರಿಂದ ಎರಡಕ್ಕೂ ಒಂದೇ ನಂಬರು. ಲಿನಕ್ಸ್ ಪಾಪ, ನಂಬರು ನೋಡಿ ಬ್ರೈಲಿಗೆ ಒಪ್ಪಿಸುತ್ತಿತ್ತು. ಪ್ರೋಗ್ರಾಮನ್ನೇ ಕೀಳಬೇಕಾಗಿರಲಿಲ್ಲ, ಆ ಒಂದು ಸಾಲಿನ ಮುಂದೆ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಒಂದನ್ನೊಂದು ದಾಟಿದ ಹ್ಯಾಶ್ ಗುರುತು ಹಾಕಿದರೆ ಕಂಪ್ಯೂಟರು ಅದನ್ನು ಬಿಟ್ಟು ಮುಂದೆ ಓದುತ್ತದೆ.

ಮೂಲ ಫೈಲು ಮುಟ್ಟಿದರೆ ಮುಂದಿನ ಅಪ್‌ಡೇಟಿನಲ್ಲಿ ತಿದ್ದಿದ್ದು ಹೋಗುತ್ತದೆ ಎಂದು ಸರ್ವಮಂಗಳ ಅದರ ನಕಲನ್ನು, ಬಳಸುವವರು ತಮಗೆ ಬೇಕಾದ ನಿಯಮ ಬರೆದಿಡಲೆಂದೇ ಇರುವ ಫೋಲ್ಡರಿನಲ್ಲಿ ಇಟ್ಟು, ಅದರಲ್ಲಿ ಹ್ಯಾಶ್ ಹಾಕಿದರು. ನಿಯಮಗಳನ್ನು ಮತ್ತೆ ಓದಿಕೊಳ್ಳಲು ಕಂಪ್ಯೂಟರಿಗೆ ಹೇಳಿದರು. ಬೋರ್ಡು ಚುಚ್ಚಿದರು. ಪೋರ್ಟ್ ಬಂತು, ಹೋಯಿತು.

ಕಂಪ್ಯೂಟರ್ ಆರಿಸಿ ಹೊತ್ತಿಸಿ ನೋಡಿದರೂ ಅದೇ ಕಥೆ. ಹೊರಗೆ ಪಿ.ಟಿ. ಪೀರಿಯಡ್ಡಿನ ಸೀಟಿ ಕೇಳುತ್ತಿತ್ತು. ಸರ್ವಮಂಗಳ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಮೇಡಂ, ನಕಲಿಗೆ ಏನ್ ಹೆಸರಿಟ್ರಿ?" ಎಂದು ಕೇಳಿದರು ಉದಯಕುಮಾರ್.

"ನಿಟ್ಟೂರು ಅಂತ ಮುಂದೆ ಸೇರಿಸ್ದೆ. ನಮ್ಮದು ಅಂತ ಗೊತ್ತಾಗ್ಲಿ ಅಂತ."

"ಹಂಗಾದ್ರೆ ಎರಡು ಹೆಸರಿನ ಎರಡು ಫೈಲಾಯ್ತು. ಅದು ಎರಡನ್ನೂ ಓದ್ತಾಯಿರ್ಬೋದಲ್ವಾ? ನಮ್ಮದ್ರಲ್ಲಿ ಆ ಸಾಲಿಲ್ಲ, ಹಳೇದ್ರಲ್ಲಿ ಇದೆ."

ಸರ್ವಮಂಗಳ ಕೈಪಿಡಿಯ ಪುಟ ತೆರೆದು ಓದಿದರು. ಅವರ ಮಾತು ಸರಿಯಾಗಿತ್ತು. ಎರಡು ಫೋಲ್ಡರಿನಲ್ಲಿ ಒಂದೇ ಹೆಸರಿನ ಫೈಲಿದ್ದರೆ ಮಾತ್ರ ಮೂಲದ್ದನ್ನು ಬಿಟ್ಟು ನಮ್ಮದನ್ನು ಓದುತ್ತದೆ. ಹೆಸರು ಬೇರೆಯಾದರೆ ಎರಡನ್ನೂ. ಹೆಸರಿನಿಂದ 'ನಿಟ್ಟೂರು' ತೆಗೆದರು. ಮತ್ತೆ ಬೋರ್ಡು ಚುಚ್ಚಿದರು.

ಪೋರ್ಟ್ ಬಂತು. ಇಬ್ಬರೂ ಕಾದರು. ಪೋರ್ಟ್ ಅಲ್ಲೇ ಇತ್ತು.

ಸರ್ವಮಂಗಳ ಬೋರ್ಡಿನ ಅಂಕಿಗಳು ಶೆಲ್ಲಿನಲ್ಲಿ ಒಂದರ ಕೆಳಗೊಂದು ಬರುವಂತೆ ಮಾಡಿ, ಸೆನ್ಸರನ್ನು ಬಾಯಿಯ ಹತ್ತಿರ ಹಿಡಿದು ಊದಿದರು. ಉದಯಕುಮಾರ್ ಅವರ ಬೆರಳು ಪಟ್ಟಿಯ ಮೇಲಿತ್ತು. "ಐವತ್ತೆಂಟು... ಅರವತ್ತೊಂದು... ಎಪ್ಪತ್ನಾಲ್ಕು! ಏರ್ತಾಯಿದೆ ಮೇಡಂ!" ಅವರು ಅಷ್ಟು ಜೋರಾಗಿ ಕೂಗಿದ್ದನ್ನು ಆ ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ. ಪಕ್ಕದ ಕ್ಲಾಸಿನಿಂದ ತನುಶ್ರೀ ಪರ್ಮಿಷನ್ನೂ ಕೇಳದೆ ಓಡಿಬಂದಳು.

ಗುರುವಾರ ಉಳಿದ ಹತ್ತು ಕಂಪ್ಯೂಟರಿಗೂ ಪ್ರೋಗ್ರಾಮ್ ವಾಪಸ್ ಹಾಕಿ, ತಿದ್ದಿದ ಫೈಲು ಇಟ್ಟರು. ಆಗ ಉದಯಕುಮಾರ್ ಒಂದು ಮಾತು ಕೇಳಿದರು: "ಆ ಇನ್ನೊಂದು ಕಂಪನಿ ಮಷಿನ್ ಇಟ್ಕೊಂಡಿರೋ ಮಗು ಯಾವತ್ತಾದ್ರೂ ಈ ಶಾಲೆಗೆ ಸೇರಿದ್ರೆ?" ಸರ್ವಮಂಗಳ ಒಂದು ಬಿಳಿ ಹಾಳೆಯ ಮೇಲೆ, ಯಾವ ಫೈಲಿನ ಯಾವ ಸಾಲಿಗೆ ಹ್ಯಾಶ್ ಹಾಕಿದೆ, ಯಾಕೆ ಹಾಕಿದೆ, ಬೇಕಾದರೆ ತೆಗೆಯುವುದು ಹೇಗೆ ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರು.

ಶನಿವಾರ ಕುಣಿಗಲ್ಲಿನ ಶಾಲೆಯ ಹಾಲಿನಲ್ಲಿ ನಿಟ್ಟೂರಿನ ಮೇಜಿನ ಮುಂದೆ ಜನ ಕರಗಲೇ ಇಲ್ಲ. ಮಕ್ಕಳು ಒದ್ದೆ ಬಟ್ಟೆ ಹಿಡಿದರೆ ಯಂತ್ರ ಕೂಗುತ್ತಿತ್ತು. ಪರದೆಯ ಕಡೆ ಮುಖವನ್ನೂ ತಿರುಗಿಸದೆ ಉದಯಕುಮಾರ್ ಅಂಕಿ ಹೇಳುತ್ತಿದ್ದರು. ತೀರ್ಪುಗಾರರೊಬ್ಬರು ಪರೀಕ್ಷಿಸಲೆಂದು ಸೆನ್ಸರನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರು. "ಕೈ ಬೆವರಿದೆ ಸರ್, ಎಂಬತ್ತೆರಡು" ಎಂದರು ಉದಯಕುಮಾರ್. ಸುತ್ತ ನಿಂತವರೆಲ್ಲ ನಕ್ಕರು, ತೀರ್ಪುಗಾರರೂ ನಕ್ಕರು.

ಮಧ್ಯಾಹ್ನ ಹುಲಿಯೂರುದುರ್ಗದ ಕಡೆಯ ಶಾಲೆಯೊಂದರ ಮೇಷ್ಟ್ರು ಬೆವರುತ್ತಾ ಬಂದರು. ಕುಣಿಗಲ್ ಶಾಲೆಯ ಲ್ಯಾಬಿನವರು ಕೊಟ್ಟಿದ್ದ ಕಂಪ್ಯೂಟರಿಗೆ ಅವರ ಮಕ್ಕಳ ಬೋರ್ಡು ಕಾಣುತ್ತಿರಲಿಲ್ಲ. ಸರ್ವಮಂಗಳ ಹೋಗಿ ನೋಡಿದರು, ಅದೇ ರೋಗ. ಕೀಲಿಮಣೆ ಮುಟ್ಟುವ ಮೊದಲು ಆ ಲ್ಯಾಬಿನವರನ್ನು ಕೇಳಿದರು: "ಈ ಕಂಪ್ಯೂಟರಿಗೆ ಬ್ರೈಲ್ ಮಷಿನ್ ಯಾರಾದ್ರೂ ಚುಚ್ತಾರಾ?"

"ಇಲ್ಲ ಮೇಡಂ. ಯಾಕೆ?"

"ಮುಂದೆ ಚುಚ್ಬೋದು. ಅದಕ್ಕೆ ಕೀಳಲ್ಲ, ಒಂದು ಸಾಲು ಮಾತ್ರ ನಿಲ್ಲಿಸ್ತೀನಿ." ಐದು ನಿಮಿಷ ಹಿಡಿಯಲಿಲ್ಲ.

ನಿಟ್ಟೂರಿಗೆ ಎರಡನೇ ಬಹುಮಾನ ಬಂತು. ಸೌದೆ ಉಳಿಸುವ ಒಲೆ ಮಾಡಿದ್ದ ಶಾಲೆಗೆ ಮೊದಲನೆಯದು. ತನುಶ್ರೀ ಬಸ್ಸಿನಲ್ಲಿ ಗುಬ್ಬಿಯವರೆಗೂ ಮುಖ ಊದಿಸಿಕೊಂಡಿದ್ದಳು. ಪ್ರದರ್ಶನ ನೋಡಲು ಬಂದಿದ್ದ ಶಿವರಾಜ್ ಮಾತ್ರ ಇಡೀ ಸಂಗತಿ ಕೇಳಿ ತಲೆ ಕೆರೆದುಕೊಂಡಿದ್ದ. "ಅಕ್ಕಾ, ನಾನು ಇಲ್ಲೀಗಂಟ ಒಂದು ಇಪ್ಪತ್ತು ಕಂಪ್ಯೂಟರಲ್ಲಿ ಅದುನ್ನ ಕಿತ್ತಾಕಿವ್ನಿ."

"ಯಾವ್ಯಾವುದು ಅಂತ ನೆನಪಿದ್ಯೇನೋ?"

"ಐತೆ."

"ಹಂಗಾದ್ರೆ ಹೋಗಿ ಕೇಳ್ಕೊಂಡ್ ಬಾ. ಬೇಕಾದವರು ಇದ್ರೆ ವಾಪಸ್ ಹಾಕ್ಕೊಡು." ಅವನು ಹೋದ. ಒಂದು ಕಡೆ ಬೇಕಾದವರು ಇದ್ದರು, ಹಾಕಿಕೊಟ್ಟೆ ಎಂದು ಆಮೇಲೆ ಫೋನಿನಲ್ಲಿ ಹೇಳಿದ.

ಉದಯಕುಮಾರ್ ಆ ಬುಧವಾರದಿಂದ ಶೆಲ್ ಕಲಿಯಲು ಕೂತರು. ಚಿತ್ರ, ಗುಂಡಿ ತುಂಬಿದ ಪರದೆಗಿಂತ ಸಾಲು ಸಾಲಾಗಿ ಬರುವ ಅಕ್ಷರ ತಮ್ಮ ಬೆರಳಿಗೆ ನೇರ ಎನ್ನುತ್ತಾರೆ. ಮೂರು ತಿಂಗಳಲ್ಲಿ ತಮ್ಮ ಪಾಠದ ಟಿಪ್ಪಣಿಗಳನ್ನು ಹುಡುಕಿ ಜೋಡಿಸುವ ಪುಟ್ಟ ಪ್ರೋಗ್ರಾಮನ್ನು ತಾವೇ ಬರೆದುಕೊಂಡರು.

ಬೇಸಿಗೆಯಲ್ಲಿ ಗುಬ್ಬಿಯಲ್ಲಿ ತಾಲ್ಲೂಕಿನ ಕಂಪ್ಯೂಟರ್ ಶಿಕ್ಷಕರಿಗೆ ಎರಡು ದಿನದ ತರಬೇತಿ ಇಟ್ಟಾಗ ಇಬ್ಬರೂ ಸೇರಿ ಪಾಠ ಮಾಡಿದರು. ಸರ್ವಮಂಗಳ ಮೊದಲು ಹೇಳಿದ್ದು ತಾವು ಬ್ರೈಲ್ ಪ್ರೋಗ್ರಾಮನ್ನು ಕಿತ್ತುಹಾಕಿದ ಕಥೆಯನ್ನು. ಹೊರಗೆ ಟೀ ಕುಡಿಯುವಾಗ ಕರಿಬಸವಯ್ಯನವರು, "ಅದನ್ನ ಯಾಕಮ್ಮ ಅಷ್ಟು ಜನರ ಮುಂದೆ ಹೇಳಿದ್ರಿ?" ಎಂದರು.

"ಹೇಳ್ದೆ ಇದ್ರೆ ಅವರೂ ಅದನ್ನೇ ಮಾಡ್ತಾರೆ ಸರ್."

ಈಗ ಶನಿವಾರ ಮಧ್ಯಾಹ್ನಗಳಲ್ಲಿ ಇಬ್ಬರೂ ಗುಬ್ಬಿಯ ಒಂದು ಹಾಸ್ಟೆಲ್ಲಿಗೆ ಹೋಗುತ್ತಾರೆ. ಅಲ್ಲಿ ಕಣ್ಣು ಕಾಣದ ಏಳು ಜನ ಹೆಣ್ಣುಮಕ್ಕಳಿದ್ದಾರೆ. ಯಾರೋ ಕೊಟ್ಟ ಐದು ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ, ಪರದೆಯ ಮೇಲಿನದನ್ನು ಕನ್ನಡದಲ್ಲಿ ಓದಿ ಹೇಳುವಂತೆ ಮಾಡುತ್ತಿದ್ದಾರೆ. ನಾಲ್ಕು ಮಾತಾಡುತ್ತಿವೆ. ಐದನೆಯದರಲ್ಲಿ ಸೌಂಡ್ ಕಾರ್ಡಿನ ಗುರುತು ಸಿಕ್ಕಿದೆ, ಸದ್ದು ಮಾತ್ರ ಬಂದಿಲ್ಲ. ಸರ್ವಮಂಗಳ ಅದರ ಬರಹವನ್ನೆಲ್ಲ ಪ್ರಿಂಟ್ ತೆಗೆದುಕೊಂಡು ರೈಲಿನಲ್ಲಿ ಕೂತು ಓದುತ್ತಿದ್ದಾರೆ. ಬರುವ ಶನಿವಾರ ಮಾತಾಡಿಸುತ್ತೇನೆ ಎಂದು ಆ ಮಕ್ಕಳಿಗೆ ಹೇಳಿಯೂ ಬಂದಿದ್ದಾರೆ.